ಮೇಡಂ ಅವರ ಎಡ ಮಣಿಕಟ್ಟು

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಹೊರಗಿನದರಲ್ಲಿ ಕಾಯುವವರಿಗೆ ಸೋಫಾ. ಒಳಗಿನದರಲ್ಲಿ ಹಿಂದಕ್ಕೆ ವಾಲುವ ಕುರ್ಚಿ, ದುಂಡನೆಯ ದೀಪ, ಗಾಜಿನ ಕಪಾಟಿನ ತುಂಬ ಹೆಬ್ಬೆರಳುದ್ದದ ಬಣ್ಣದ ಬಾಟಲಿಗಳು. ಅಲ್ಲಿಗೆ ಬರುವ ಹೆಂಗಸರೆಲ್ಲ ಒಡತಿಯನ್ನು ಹುಬ್ಬು ಮೇಡಂ ಎಂದೇ ಕರೆಯುತ್ತಿದ್ದರು. ಸೂಜಿಯಲ್ಲಿ ಚರ್ಮದೊಳಕ್ಕೆ ಬಣ್ಣ ಕೂರಿಸಿ ಹುಬ್ಬು ಬರೆಯುವುದು ಅವರ ಕಸುಬು. ಪೆನ್ಸಿಲ್ಲಿನಲ್ಲಿ ತಿದ್ದಿದ್ದು ಸಂಜೆಗೆ ಅಳಿಸಿಹೋಗುತ್ತದೆ, ಮೇಡಂ ಬರೆದದ್ದು ಎರಡು ಮೂರು ವರ್ಷ ನಿಲ್ಲುತ್ತದೆ, ಮಾಸಿದರೆ ಮತ್ತೆ ಬಂದು ಅದರ ಮೇಲೊಂದು ಟಚ್‌ಅಪ್ ಮಾಡಿಸಿಕೊಂಡರಾಯಿತು. ಕೈ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬಾಯಿ ಮಾತ್ರ ಯಾರಿಗೂ ಬೇಡ.

ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಮೇಡಂ ಮೂಗು ಮುರಿದಾಗಿರುತ್ತಿತ್ತು. ಒಬ್ಬಳು ಫೋನಿನಲ್ಲಿ ಯಾವಳೋ ನಟಿಯ ಫೋಟೊ ತೋರಿಸಿ ಇಂಥದ್ದೇ ಬೇಕು ಅಂದರೆ, ಹುಬ್ಬು ಕೊಡಬಹುದು, ಅದರ ಕೆಳಗಿನ ಮುಖ ಎಲ್ಲಿಂದ ತರಲಿ ಅನ್ನುತ್ತಿದ್ದರು. ಇನ್ನೊಬ್ಬಳು ತಾನು ಬೆಳ್ಳಗಿದ್ದೇನೆ ಎಂದು ನಂಬಿ ಬಂದಿದ್ದರೆ, ಒದ್ದೆ ಹತ್ತಿಯಲ್ಲಿ ಅವಳ ಕೆನ್ನೆ ಒರೆಸಿ, ಹತ್ತಿಗೆ ಮೆತ್ತಿದ ಪೌಡರನ್ನು ಅವಳಿಗೇ ತೋರಿಸಿ, ನಿಮ್ಮ ಬಿಳುಪು ಇಲ್ಲಿದೆ ನೋಡಿ ಅನ್ನುತ್ತಿದ್ದರು. ಹೆಂಗಸರು ಅದನ್ನು ನುಂಗಿಕೊಂಡು ಕುರ್ಚಿಯಲ್ಲಿ ಒರಗುತ್ತಿದ್ದರು. ಸೂಜಿ ಹಿಡಿದವಳ ಜೊತೆ ಯಾರು ಜಗಳ ಕಾಯುತ್ತಾರೆ?

ಈ ಕಸುಬಿನಲ್ಲಿ ಗೆರೆ ಎಳೆಯುವುದಕ್ಕಿಂತ ಬಣ್ಣ ಆರಿಸುವುದು ಕಷ್ಟ. ಮೇಲಿನ ಚರ್ಮ ಬಿಳಿಯೋ ಕಪ್ಪೋ ಅನ್ನುವುದು ಒಂದು, ಅದರ ಅಡಿಯಿಂದ ಇಣುಕುವ ಛಾಯೆ ಇನ್ನೊಂದು. ಅಡಿಯಲ್ಲಿ ಹಳದಿ ಇದ್ದರೆ ವಾರ್ಮ್ ಅನ್ನುತ್ತಾರೆ, ಗುಲಾಬಿಯೋ ನೀಲಿಯೋ ಇದ್ದರೆ ಕೂಲ್. ಕೂಲ್ ಚರ್ಮಕ್ಕೆ ಬರೀ ಕಂದು ಕೂರಿಸಿದರೆ ಹುಬ್ಬು ಮಾಸಿ ಬೂದಿಯಾಗುತ್ತದೆ, ಅದಕ್ಕೆ ಕಿತ್ತಳೆಯ ಒಂದೆರಡು ಹನಿ ಬೆರೆಸಬೇಕು. ಅದೇ ಹನಿಗಳನ್ನು ವಾರ್ಮ್ ಚರ್ಮಕ್ಕೆ ಬೆರೆಸಿದರೆ ಹುಬ್ಬು ಇಟ್ಟಿಗೆಯಾಗುತ್ತದೆ. ತಪ್ಪಿದ್ದು ಅಂದೇ ಗೊತ್ತಾಗುವುದೂ ಇಲ್ಲ. ಮೊದಮೊದಲು ಎಲ್ಲ ಹುಬ್ಬೂ ಕಡುಗಪ್ಪು, ಆಮೇಲೆ ಸೂಜಿಗಾಯದ ಹಕ್ಕಳೆ ಉದುರಿ, ತಿಂಗಳು ದಾಟಿದ ಮೇಲೆ ನಿಜವಾದ ಬಣ್ಣ ಮೇಲೆ ಬರುತ್ತದೆ. ಅಷ್ಟರಲ್ಲಿ ಅದೇ ತಪ್ಪನ್ನು ಇನ್ನಷ್ಟು ಮುಖಗಳ ಮೇಲೆ ಬರೆದಾಗಿರುತ್ತದೆ.

ಒಳಛಾಯೆ ಕಂಡುಹಿಡಿಯಲು ಬೇರೆಯವರು ಕೈಯ ನರ ಹಸಿರೋ ನೀಲಿಯೋ ಎಂದು ನೋಡುತ್ತಾರೆ, ಗಲ್ಲದ ಕೆಳಗೆ ಬಿಳಿ ಹಾಳೆ ಹಿಡಿಯುತ್ತಾರೆ. ಇದೆಲ್ಲ ಮೇಡಂ ಪಾಲಿಗೆ ಮಕ್ಕಳಾಟ. ನರ ನೋಡುವವರು ಹೋಗಿ ಆಸ್ಪತ್ರೆಯಲ್ಲಿ ಕೆಲಸ ಹಿಡಿಯಲಿ ಎಂದು ಮುಖ ಸಿಂಡರಿಸುತ್ತಿದ್ದರು. ಅವರಿಗೆ ಇದ್ದದ್ದು ತಮ್ಮ ಎಡ ಮಣಿಕಟ್ಟು. ಕೆಲಸ ಕಲಿಯುವ ಕಾಲದಲ್ಲಿ ಗುರುಗಳು ಆ ಕೈಯನ್ನು ಎತ್ತಿ ಹಿಡಿದು, ಹಳದಿಗೂ ಗುಲಾಬಿಗೂ ಸರಿಯಾಗಿ ನಡುವೆ ಇರುವ ಚರ್ಮ ಅಂದರೆ ಇದು ನೋಡಿ ಎಂದು ತರಗತಿಗೆಲ್ಲ ತೋರಿಸಿದ್ದರು. ಅಂದಿನಿಂದ ಮೇಡಂ ಅವರ ಎಡಗೈಗೆ ಕೊಂಬು ಬಂತು. ಕೈಗಡಿಯಾರ ಬಲಗೈಗೆ ಹೋಯಿತು, ಬಳೆಗೆ ಆ ಕೈ ಸೇರಲು ಅಪ್ಪಣೆಯಿರಲಿಲ್ಲ. ಯಾರೇ ಬರಲಿ, ರವಿಕೆಯ ಉದ್ದ ತೋಳು ಸರಿಸಿ, ಮಣಿಕಟ್ಟನ್ನು ಅವರ ಹಣೆಯ ಪಕ್ಕ ಇಟ್ಟು ಒಮ್ಮೆ ನೋಡಿದರೆ ತೀರ್ಪು ಮುಗಿಯಿತು. ನನಗಿಂತ ಹಳದಿ, ವಾರ್ಮ್. ನನಗಿಂತ ನೀಲಿ, ಕೂಲ್. ಒಳಛಾಯೆ ಅನ್ನುವುದು ಹುಟ್ಟಿದಾಗ ಬಂದದ್ದು, ಸಾಯುವತನಕ ಬದಲಾಗುವುದಿಲ್ಲ ಎಂದು ಜೊತೆಗೊಂದು ಉಪದೇಶ. ನಿಜ ಹೇಳಬೇಕೆಂದರೆ, ವರ್ಷಗಟ್ಟಲೆ ಆ ಮಣಿಕಟ್ಟು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆ ವರ್ಷ ಮನೆಯವರೆಲ್ಲ ಒಟ್ಟಿಗೆ ಫೋಟೊ ತೆಗೆಸಿಕೊಳ್ಳುವಾಗ, ಕ್ಯಾಮರಾ ಹಿಡಿದಿದ್ದ ಗಂಡ ಮೇಡಂ ಕಡೆ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಮೇಡಂಗೆ ಅರ್ಥವಾಯಿತು. ಮಾರನೆಯ ದಿನದಿಂದಲೇ ತೂಕ ಇಳಿಸುವ ವ್ರತ ಶುರು. ಬೆಳಿಗ್ಗೆ ದೊಡ್ಡ ಲೋಟದಲ್ಲಿ ಕ್ಯಾರೆಟ್ ರಸ, ರಾತ್ರಿ ಊಟದ ಬದಲು ಇನ್ನೊಂದು ಲೋಟ, ನಡುವೆ ಹಸಿವಾದರೆ ಹಸಿ ಕ್ಯಾರೆಟ್. ಸ್ಟುಡಿಯೋದ ಪುಟ್ಟ ಫ್ರಿಜ್ಜಿನಲ್ಲಿ ಮರಗಟ್ಟಿಸುವ ಕ್ರೀಮಿನ ಪಕ್ಕದಲ್ಲೇ ಕ್ಯಾರೆಟ್ ರಾಶಿ. ಊಟ ಮಾಡುವವರನ್ನು ಕಂಡರೂ ಈಗ ಅವರಿಗೆ ತಾತ್ಸಾರ. ತಿನ್ನೋಕೇ ಹುಟ್ಟಿದ ಜನ ಎಂದು ಗಂಡನ ತಟ್ಟೆ ನೋಡಿ ಹೇಳುತ್ತಿದ್ದರು. ಗಂಡ ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದ.

ಎರಡು ತಿಂಗಳಾಗುವ ಹೊತ್ತಿಗೆ ಅತ್ತೆ ಒಮ್ಮೆ ಕೇಳಿದರು, ಅಂಗೈ ಯಾಕೆ ಹಾಗಿದೆ ಎಂದು. ಹುಬ್ಬಿನ ಬಣ್ಣದ ಕಲೆ, ಕೆಲಸ ಮಾಡುವವರ ಕೈ ಹೀಗೇ ಇರುತ್ತೆ ಎಂದು ಮೇಡಂ ಅವರ ಬಾಯಿ ಮುಚ್ಚಿಸಿದರು. ಕೆಲಸದ ಹೊತ್ತಿನಲ್ಲಿ ಕೈಗೆ ಕಪ್ಪು ಗ್ಲೌಸ್ ಇರುತ್ತದೆ, ಅದರೊಳಗೆ ಕಲೆ ಹೇಗೆ ಹೋದೀತು ಎಂದು ಅತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಮೇಡಂ ಅವರನ್ನು ಎರಡನೆಯ ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ.

ಅದೇ ಮನೆಯ ಮೇಲ್ಗಡೆ ಮೈದುನನ ಸಂಸಾರ. ಮೈದುನನ ಹೆಂಡತಿ, ಅಂದರೆ ಮೇಡಂ ಅವರ ವಾರಗಿತ್ತಿ, ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ಹುಟ್ಟಿನಿಂದಲೇ ಅವಳಿಗೆ ಹುಬ್ಬು ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಪ್ರತಿ ಬೆಳಿಗ್ಗೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಹೋಗುತ್ತಿದ್ದಳು, ಮಧ್ಯಾಹ್ನದ ಬೆವರಿಗೆ ಅದು ಕಿವಿಯವರೆಗೆ ಹರಿದಿರುತ್ತಿತ್ತು. ಮೇಡಂ ಅವಳನ್ನು ಕೆಟ್ಟವಳು ಎಂದೇನೂ ಅಂದುಕೊಂಡಿರಲಿಲ್ಲ. ಕೆಟ್ಟವಳಾಗಲು ಬೇಕಾದ ಬುದ್ಧಿಯೂ ಇಲ್ಲ ಎಂದುಕೊಂಡಿದ್ದರು. ಇಡೀ ದಿನ ಕೈ ಆಡಿಸಿ ಸಂಬಳ ತಗೊಳ್ಳೋ ಕೆಲಸ ಎಂದು ನೆಂಟರ ಮುಂದೆ ನಗುತ್ತಿದ್ದರು.

ಒಂದು ಭಾನುವಾರ ಅವಳು ಕೆಳಗಿಳಿದು ಬಂದು, ಹುಬ್ಬು ಬರೆದುಕೊಡಿ ಎಂದಾಗ ಮೇಡಂ ಗೆದ್ದವರ ಹಾಗೆ ನಕ್ಕರು. ಕೊನೆಗೂ ಚೆಂದ ಕಾಣಬೇಕು ಅಂತ ಆಸೆ ಬಂತಾ ಎಂದು ಕೇಳಿದರು.

"ಚೆಂದಕ್ಕೆ ಬೇಡ ಅಕ್ಕ," ಎಂದಳು ವಾರಗಿತ್ತಿ. "ಪ್ರಶ್ನೆ ಕೇಳೋಕೆ ಬೇಕು."

ಸನ್ನೆ ಭಾಷೆಯಲ್ಲಿ ಅರ್ಧ ಮಾತು ಹುಬ್ಬಿನಲ್ಲಿರುತ್ತದೆ ಎಂದು ಅವಳು ವಿವರಿಸಿದಳು. ಕೈಯಲ್ಲಿ ನೀನು ಊಟ ಮಾಡಿದೆ ಎಂದು ತೋರಿಸಿ ಹುಬ್ಬೇರಿಸಿದರೆ, ಊಟ ಮಾಡಿದೆಯಾ ಎಂದಾಗುತ್ತದೆ. ಏನು, ಯಾರು, ಎಲ್ಲಿ ಎಂದು ಕೇಳುವಾಗ ಹುಬ್ಬು ಗಂಟಿಕ್ಕಬೇಕು. ಹುಬ್ಬು ಕಾಣದಿದ್ದರೆ ಹಿಂದಿನ ಸಾಲಿನ ಮಕ್ಕಳಿಗೆ ಪ್ರಶ್ನೆ ಪ್ರಶ್ನೆಯಾಗಿ ಮುಟ್ಟುವುದೇ ಇಲ್ಲ. ಅರ್ಥವಾಯಿತಾ ಎಂದು ಕೇಳಿದರೆ, ಅರ್ಥವಾಯಿತು ಎಂದು ಟೀಚರೇ ಹೇಳಿದ ಹಾಗೆ ಕಾಣುತ್ತದೆ. ಮಕ್ಕಳು ತಲೆಯಾಡಿಸಿ ಸುಮ್ಮನೆ ಕೂರುತ್ತಾರೆ. ಅವಳಿಗೆ ಮಕ್ಕಳು ಇಟ್ಟ ಹೆಸರೂ ಅದಕ್ಕೆ ತಕ್ಕಂತೆಯೇ ಇತ್ತು. ಆ ಭಾಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯೇ ಹೆಸರು. ಹೆಬ್ಬೆರಳಲ್ಲಿ ಹುಬ್ಬು ಅಳಿಸಿದಂತೆ ಮಾಡಿದರೆ, ಅದು ಈ ಟೀಚರ್.

ಮೇಡಂ ಇದನ್ನೆಲ್ಲ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅಲಂಕಾರದ ಆಸೆಗೆ ಮಕ್ಕಳ ನೆಪ ಎಂದು ಅವರ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು. ಆದರೂ ಮನೆಯವಳಲ್ಲವೇ, ಸ್ಟುಡಿಯೋಗೆ ಕರೆದೊಯ್ದು ಕುರ್ಚಿಯಲ್ಲಿ ಮಲಗಿಸಿದರು. ತೋಳು ಸರಿಸಿ ಮಣಿಕಟ್ಟನ್ನು ಅವಳ ಹಣೆಗೆ ತಂದರು. ಪಕ್ಕದಲ್ಲಿ ಹಣೆ ನೀಲಿಗಟ್ಟಿದಂತೆ ಕಂಡಿತು. ಶುದ್ಧ ಕೂಲ್ ಎಂದು ಘೋಷಿಸಿದರು. ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ಇದು ತಮ್ಮ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಒಂದು ಕ್ಷಣ ಅಚ್ಚರಿಯಾಯಿತು. ಆ ಕ್ಷಣವನ್ನು ಹಿಡಿದು ನಿಲ್ಲಿಸಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ತಮ್ಮ ಅಚ್ಚರಿಗೂ ಸೊಪ್ಪು ಹಾಕದ ಹೆಂಗಸು ಅವರು.

ಪುಟ್ಟ ಬಟ್ಟಲಿನ ಕಂದು ಬಣ್ಣಕ್ಕೆ ಮೇಡಂ ಕಿತ್ತಳೆಯನ್ನು ಧಾರಾಳವಾಗಿ ಬೆರೆಸುವುದನ್ನು ವಾರಗಿತ್ತಿ ಕತ್ತೆತ್ತಿ ನೋಡಿದಳು. ಮೊನ್ನೆ ಚರ್ಮದ ಡಾಕ್ಟರು ತನ್ನದು ಹಳದಿ ಚರ್ಮ ಅಂದಿದ್ದರು, ಇಷ್ಟೊಂದು ಕಿತ್ತಳೆ ಬೇಕಾ ಎಂದು ಮೆಲ್ಲಗೆ ಕೇಳಿದಳು.

"ನಿನ್ನ ಸ್ಕೂಲಿಗೆ ಬಂದು ನಾನು ಪಾಠ ಮಾಡ್ತೀನಾ?" ಎಂದರು ಮೇಡಂ. "ಬಾಯಿ ಮುಚ್ಕೊಂಡು ಮಲಗು."

ಅವಳು ಬಾಯಿ ಮುಚ್ಚಿ ಮಲಗಿದಳು.

ಆಮೇಲಿನ ವಾರಗಳಲ್ಲಿ ದೂರುಗಳು ಒಂದೊಂದಾಗಿ ಮೆಟ್ಟಿಲೇರತೊಡಗಿದವು. ಮೊದಲು ಬಂದವಳು ಬಟ್ಟೆ ಅಂಗಡಿಯ ಒಡತಿ. ಕರವಸ್ತ್ರ ಸರಿಸಿ ಹಣೆ ತೋರಿಸಿದಳು, ಎರಡು ಹುಬ್ಬೂ ತುಕ್ಕು ಹಿಡಿದ ಬಾಗಿಲ ಚಿಲಕದ ಬಣ್ಣ. ಮೇಡಂ ಕ್ಯಾರೇ ಅನ್ನಲಿಲ್ಲ. ಏನು ತಿಂತೀರಿ ನೀವು ಎಂದು ತಿರುಗಿ ಕೇಳಿದರು. ಕಂಡದ್ದೆಲ್ಲ ತಿಂದು, ಕಂಡ ಸೋಪು ಹಚ್ಚಿ, ಬಿಸಿಲಲ್ಲಿ ಅಲೆದು, ನನ್ನ ಕೆಲಸಕ್ಕೆ ಹೆಸರಿಡಬೇಡಿ ಎಂದು ಬೆವರಿಳಿಸಿ ಕಳಿಸಿದರು. ಆಮೇಲೆ ಒಬ್ಬ ನರ್ಸ್ ಬಂದಳು, ಅವಳ ಹಿಂದೆ ಒಬ್ಬ ವಕೀಲೆ, ಮದುವೆ ನಿಶ್ಚಯವಾಗಿದ್ದ ಒಬ್ಬ ಹುಡುಗಿ. ಎಲ್ಲರಿಗೂ ಅದೇ ಪ್ರಶ್ನೆ, ಏನು ತಿಂತೀರಿ? ಹುಡುಗಿ ಅಳುತ್ತ ಇಳಿದು ಹೋದಳು. ಬಣ್ಣದ ಕಂಪನಿಯವರು ಕಲಬೆರಕೆ ಮಾಡುತ್ತಿದ್ದಾರೆ ಎಂದು ಮೇಡಂ ಫೋನಿನಲ್ಲಿ ಕಿರುಚಾಡಿದರು. ಕೊನೆಗೆ ಈ ಕಾಲದ ಹೆಂಗಸರ ರಕ್ತವೇ ಕೆಟ್ಟಿದೆ ಎಂಬ ನಿರ್ಧಾರಕ್ಕೆ ಬಂದು, ಫ್ರಿಜ್ಜಿನಿಂದ ಲೋಟ ತೆಗೆದು ರಸ ಕುಡಿದರು.

ವಾರಗಿತ್ತಿಯ ಹಕ್ಕಳೆಯೂ ಉದುರಿತು. ಅವಳು ದೂರಲು ಬರಲಿಲ್ಲ. ಒಂದು ಸಂಜೆ ಬಂದು ಮೇಡಂ ಎದುರು ನಿಂತು ದೀಪ ಹಾಕಿದಳು. ಹಳದಿ ಹಣೆಯ ಮೇಲೆ ಕಿತ್ತಳೆ ಹುಬ್ಬು. ಹತ್ತಿರದಿಂದ ನೋಡಿದರೆ ನಗು ಬರುವ ಹಾಗಿತ್ತು, ದೂರದಿಂದ ಚರ್ಮದಲ್ಲೇ ಬೆರೆತು ಇಲ್ಲವೇ ಇಲ್ಲ ಅನ್ನುವ ಹಾಗಿತ್ತು. ಮುಂದಿನ ಸಾಲಿನ ಮಕ್ಕಳು ಪಾಠ ಬಿಟ್ಟು ಬಣ್ಣ ನೋಡುತ್ತಾರೆ, ಹಿಂದಿನವರಿಗೆ ಮೊದಲಿನಂತೆ ಏನೂ ಕಾಣುವುದಿಲ್ಲ ಎಂದಳು. ಮೇಲೆ ಪೆನ್ಸಿಲ್ ಹಚ್ಚಿದರೆ ಜಾರಿಹೋಗುತ್ತದೆ. ಮೊದಲಾದರೆ ಮಧ್ಯಾಹ್ನದವರೆಗಾದರೂ ಪ್ರಶ್ನೆ ಕೇಳುತ್ತಿದ್ದೆ, ಈಗ ಅದೂ ಇಲ್ಲ ಎಂದಳು.

ಶಾಲೆಯ ಟ್ಯೂಬ್‌ಲೈಟಿನ ದೋಷ ಎಂದರು ಮೇಡಂ. ಅಗ್ಗದ ಬೆಳಕಿನಲ್ಲಿ ರಾಜಕುಮಾರಿಯೂ ಕಾಯಿಲೆಯವಳ ಹಾಗೆ ಕಾಣುತ್ತಾಳೆ ಎಂದರು. ಹಾಗಾದರೆ ಬಂದು ನೋಡಿ ಎಂದಳು ಅವಳು. ಬರುತ್ತೇನೆ, ನಿನ್ನ ಹೆಡ್‌ಮಿಸ್‌ಗೂ ನಾಲ್ಕು ಮಾತು ಹೇಳುತ್ತೇನೆ ಎಂದು ಮೇಡಂ ಸೆರಗು ಸರಿಮಾಡಿಕೊಂಡರು.

ತರಗತಿಯಲ್ಲಿ ಬೆಂಚುಗಳನ್ನು ಅರ್ಧ ವೃತ್ತವಾಗಿ ಇಟ್ಟಿದ್ದರು, ಎಲ್ಲರಿಗೂ ಎಲ್ಲರ ಕೈ ಕಾಣಬೇಕಲ್ಲ. ಮೇಡಂ ಒಳಗೆ ಬಂದು ಕಿಟಕಿಗೆ ಬೆನ್ನು ಹಾಕಿ ನಿಂತು, ಎಲ್ಲರೂ ಚೆನ್ನಾಗಿದ್ದೀರಾ ಮಕ್ಕಳೇ ಎಂದು ಪಕ್ಕದ ಬೀದಿಗೆ ಕೇಳುವಂತೆ ಕೂಗಿದರು. ಒಂದು ತಲೆಯೂ ಅಲುಗಲಿಲ್ಲ. ವಾರಗಿತ್ತಿ ಅವರ ತೋಳು ಹಿಡಿದು ಬೆಳಕು ಮುಖಕ್ಕೆ ಬೀಳುವ ಕಡೆ ತಿರುಗಿಸಿದಳು. ಆಮೇಲೆ ಟ್ಯೂಬ್‌ಲೈಟ್ ಆರಿಸಿ, ಪರದೆಗಳನ್ನು ಪೂರ್ತಿ ಸರಿಸಿದಳು. ಹತ್ತು ಗಂಟೆಯ ಬಿಳಿ ಬಿಸಿಲು ಕೋಣೆ ತುಂಬಿತು.

ಆ ಬೆಳಕಿನಲ್ಲೂ ಹುಬ್ಬು ಕಿತ್ತಳೆಯೇ. ಮೇಡಂ ಒಮ್ಮೆ ಕೆಮ್ಮಿದರು. ಹುಬ್ಬಿನ ವಿಷಯ ಬಿಡು, ಮೊದಲು ನಿನ್ನ ಚರ್ಮ ನೋಡು ಎಂದು ತೋಳು ಸರಿಸಿ, ಮಣಿಕಟ್ಟನ್ನು ಅವಳ ಹಣೆಯ ಪಕ್ಕ ಇಟ್ಟು, ಸಾಕ್ಷಿಗೆ ಕರೆದಂತೆ ಮಕ್ಕಳ ಕಡೆ ತಿರುಗಿದರು.

ಇಡೀ ತರಗತಿ ಒಮ್ಮೆಲೇ ನಗತೊಡಗಿತು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಮುಷ್ಟಿಯನ್ನು ಬಾಯಿಯ ಬಳಿ ತಂದು, ಹಲ್ಲಿನಿಂದ ಏನನ್ನೋ ಕಟುಮ್ಮೆಂದು ಕಚ್ಚಿ ಮುರಿದಂತೆ ಮಾಡಿದಳು. ಪಕ್ಕದವನು ಅದನ್ನೇ ಮಾಡಿದ. ಎಲ್ಲ ಬೆಂಚುಗಳಲ್ಲೂ ಮುಷ್ಟಿಗಳು ಬಾಯಿಗೆ ಹೋದವು.

"ಏನದು?" ಎಂದರು ಮೇಡಂ.

"ಕ್ಯಾರೆಟ್ ಅಂತಿದ್ದಾರೆ."

ಮೇಡಂಗೆ ಒಳಗೊಳಗೇ ಖುಷಿಯಾಯಿತು. ನಿನ್ನ ಹುಬ್ಬಿಗೆ ಮಕ್ಕಳು ಇಷ್ಟು ಸಲಿಗೆಯಿಂದ ಹೆಸರಿಡೋದಾದರೆ ಅದು ನೀನು ಕಲಿಸಿದ ಶಿಸ್ತು, ನನ್ನ ಸೂಜಿಯ ತಪ್ಪಲ್ಲ ಎಂದು ಶುರುಮಾಡಿದರು.

"ಅವರು ನನ್ನನ್ನ ನೋಡ್ತಿಲ್ಲ ಅಕ್ಕ," ಎಂದಳು ವಾರಗಿತ್ತಿ. ಅವಳೂ ಈಗ ಅದೇ ಕಡೆ ನೋಡುತ್ತಿದ್ದಳು. "ನಿಮ್ಮ ಕೈ ನೋಡ್ತಿದ್ದಾರೆ. ಇಡೀ ದಿನ ಅವರು ನೋಡೋದು ಕೈಗಳನ್ನೇ."

ಎರಡು ಜಡೆಯವಳು ಎದ್ದು ಬಂದು ಮೇಡಂ ಅವರ ಎಡಗೈಯನ್ನು ತಾನೇ ಹಿಡಿದುಕೊಂಡಳು. ಅಂಗೈ ಮೇಲಾಗುವಂತೆ ತಿರುಗಿಸಿ, ತನ್ನ ಪುಟ್ಟ ಮಣಿಕಟ್ಟನ್ನು ಅದರ ಪಕ್ಕ ಇಟ್ಟಳು. ನೋಡಿದರೆ ಇಷ್ಟು ವರ್ಷ ಮೇಡಂ ಬಳಿಯೇ ಕೆಲಸ ಕಲಿತವಳ ಹಾಗಿತ್ತು. ಇನ್ನೊಬ್ಬ ಹುಡುಗ ಬಂದು ತನ್ನದನ್ನು ಇಟ್ಟ. ಆಮೇಲೆ ಎಲ್ಲರಿಗೂ ಅದೇ ಆಟ. ಎಣ್ಣೆಗಪ್ಪು ಕೈ, ಗೋಧಿ ಬಣ್ಣದ ಕೈ, ಗುಲಾಬಿ ಅಂಗೈ, ಮಾಸಲು ಹಳದಿ ಅಂಗೈ. ಅಷ್ಟೂ ಕೈಗಳ ನಡುವೆ ಮೇಡಂ ಅವರದೊಂದು, ಮಾರುಕಟ್ಟೆಯ ಗುಡ್ಡೆಯಿಂದ ಈಗಷ್ಟೇ ಎತ್ತಿ ತಂದಂತಿತ್ತು.

ಬಣ್ಣ ನೋಡಿ ಬದುಕಿದ ಕಣ್ಣು ಅದು, ಒಮ್ಮೆ ಕಂಡ ಮೇಲೆ ಕಾಣಲಿಲ್ಲ ಅನ್ನುವುದು ಸಾಧ್ಯವಿರಲಿಲ್ಲ. ಕ್ಯಾರೆಟ್ ರಸಕ್ಕೆ ಕಿತ್ತಳೆಗಟ್ಟಿದ ಈ ಮಣಿಕಟ್ಟಿನ ಪಕ್ಕ ಯಾರ ಹಣೆ ಇಟ್ಟರೂ ನೀಲಿಯೇ. ಲೋಕವೆಲ್ಲ ಕೂಲ್ ಆಗಿತ್ತು, ಮೇಡಂ ಲೋಕಕ್ಕೆಲ್ಲ ಕಿತ್ತಳೆ ಬೆರೆಸಿದ್ದರು. ಬಟ್ಟೆ ಅಂಗಡಿಯವಳು, ನರ್ಸ್, ವಕೀಲೆ, ಅಳುತ್ತ ಮೆಟ್ಟಿಲಿಳಿದ ಹುಡುಗಿ, ಎಲ್ಲರ ಹಣೆಯೂ ಕಣ್ಣ ಮುಂದೆ ಬಂತು. ಇನ್ನೂ ಹಕ್ಕಳೆ ಉದುರದವರು, ಇವತ್ತಿಗೂ ಹುಬ್ಬು ಕಪ್ಪಗಿದೆ ಎಂದು ಕನ್ನಡಿ ನೋಡಿ ಖುಷಿಪಡುತ್ತಿರುವವರು ಎಷ್ಟು ಜನರೋ. ಮೇಡಂಗೆ ನಾಚಿಕೆಯಾಯಿತು. ಅಭ್ಯಾಸವಿಲ್ಲದ ನಾಚಿಕೆ, ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕಿವಿಯವರೆಗೂ ಏರಿತು.

ಹುಡುಗಿ ತಲೆಯೆತ್ತಿ ನೋಡಿ ಬೆರಳುಗಳಲ್ಲಿ ಏನೋ ಹೇಳಿದಳು. ಹೇಳುವಾಗ ಅವಳ ಎರಡು ದಟ್ಟ ಕಪ್ಪು ಹುಬ್ಬುಗಳು ಗಂಟಿಕ್ಕಿಕೊಂಡವು. ಅದು ಪ್ರಶ್ನೆ ಎಂದು ಮೇಡಂಗೂ ತಿಳಿಯಿತು.

"ಏನು ತಿಂತೀರಿ ಅಂತ ಕೇಳ್ತಿದ್ದಾಳೆ," ಎಂದಳು ವಾರಗಿತ್ತಿ.

ಬೆಳಗಿನ ಲೋಟದ ಸಿಹಿ ಮೇಡಂ ನಾಲಿಗೆಯ ಮೇಲೆ ಇನ್ನೂ ಇತ್ತು. ಕಂಪನಿಯ ಕಲಬೆರಕೆ, ಟ್ಯೂಬ್‌ಲೈಟ್, ಕೆಟ್ಟ ರಕ್ತ, ಎಲ್ಲ ಬಾಯಿಯವರೆಗೆ ಬಂದವು. ಆದರೆ ಬಾಯಿಯಿಂದ ಏನು ಹೇಳಿದರೂ ಆ ಮಕ್ಕಳಿಗೆ ಕೇಳುತ್ತಿರಲಿಲ್ಲ. ಕೊನೆಗೆ ಅವರು ಮುಷ್ಟಿ ಬಿಗಿದು, ಬಾಯಿಯ ಹತ್ತಿರ ತಂದು, ಹಲ್ಲಿನಿಂದ ಕಚ್ಚಿ ಮುರಿದಂತೆ ಮಾಡಿದರು. ಮಕ್ಕಳು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ.

ಹೊರಗೆ ಜಗಲಿಯಲ್ಲಿ ವಾರಗಿತ್ತಿ ಮೊದಲ ಸಲ ಕೋಪದಿಂದ ಮಾತಾಡಿದಳು, ದನಿ ಎತ್ತರಿಸದೆಯೇ.

"ನಾನು ಅವತ್ತೇ ಕೇಳಿದೆ ಅಕ್ಕ. ನೀವು ಬಾಯಿ ಮುಚ್ಕೋ ಅಂದ್ರಿ. ನನ್ನ ಮಕ್ಕಳಿಗೆ ನಾನು ಒಂದು ದಿನವೂ ಹಾಗೆ ಅಂದಿಲ್ಲ."

ಮೇಡಂ ನೆಲ ನೋಡುತ್ತ, ತಪ್ಪಾಯಿತು ಎಂದರು. ಆ ಮಾತು ಅವರ ಬಾಯಲ್ಲಿ ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು. ಹಸಿರು ಛಾಯೆಯ ಕಂದು ಕೂರಿಸಿದರೆ ಕಿತ್ತಳೆ ಸತ್ತುಹೋಗುತ್ತದೆ, ನಾಳೆಯೇ ಬಾ, ಸರಿಮಾಡುತ್ತೇನೆ ಎಂದರು.

"ನಾಳೆ ಬೇಡ. ಮಾಡುವಾಗ ಬಣ್ಣ ನಾನೂ ನೋಡ್ತೀನಿ, ಬಿಳಿ ಹಾಳೆ ಇಟ್ಕೊಂಡು. ಅದಕ್ಕೆ ಮೊದಲು ಆ ಹುಡುಗಿಗೆ ಫೋನ್ ಮಾಡಿ, ಅಳ್ತಾ ಹೋದಳು ಅಂತ ನೀವೇ ಮನೇಲಿ ಹೇಳಿದ್ರಲ್ಲ, ಮದುವೆ ಹುಡುಗಿ. ನನ್ನದು ಆಮೇಲೆ."

ಮೇಡಂ ತಲೆಯಾಡಿಸಿದರು. ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಗೇಟಿನ ಕಡೆ ನಡೆದರು. ತರಗತಿಯ ಕಿಟಕಿಯ ತುಂಬ ಮಕ್ಕಳು, ಎಲ್ಲರ ಮುಷ್ಟಿಯೂ ಬಾಯಿಯ ಬಳಿ, ಕಚ್ಚಿ ಮುರಿಯುವ ಅದೇ ಸನ್ನೆ.

"ಇನ್ನೂ ಅದನ್ನೇ ಅಂತಿದ್ದಾರಲ್ಲ," ಎಂದರು ಮೇಡಂ. "ಏನು ತಿಂತೀನಿ ಅಂತ ಹೇಳಿ ಆಯ್ತಲ್ಲ."

"ಈಗ ಅದು ಕ್ಯಾರೆಟ್ ಅಲ್ಲ. ನಿಮ್ಮನ್ನ ಕರೀತಿದ್ದಾರೆ. ನಿಮ್ಮ ಹೆಸರು."

ಮೇಡಂ ನಿಂತರು. ರಸ ಬಿಟ್ಟರೆ ಒಂದೆರಡು ತಿಂಗಳಲ್ಲಿ ಕೈಯ ಬಣ್ಣ ಇಳಿದೀತು, ಅಷ್ಟು ಅವರಿಗೂ ಗೊತ್ತು, ಹೆಸರಿನ ವಿಷಯ ಮಾತ್ರ ಗೊತ್ತಿಲ್ಲ. ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬಳೂ ಕೇಳುವ, ಪ್ರತಿ ಸಲವೂ ಅವರು ಕಣ್ಣು ಮೇಲೆ ಮಾಡಿ ಉತ್ತರಿಸುವ ಪ್ರಶ್ನೆಯನ್ನು ಈಗ ಅವರೇ ಕೇಳಿದರು. "ಎಷ್ಟು ದಿನ ಇರುತ್ತೆ ಇದು?"

ವಾರಗಿತ್ತಿ ಹೆಬ್ಬೆರಳಲ್ಲಿ ತನ್ನ ಕಿತ್ತಳೆ ಹುಬ್ಬನ್ನು ಅಳಿಸಿದಂತೆ ಮಾಡಿ ತೋರಿಸಿದಳು. ಕೆಲಸಕ್ಕೆ ಸೇರಿದ ವಾರ ಬಂದ ಹೆಸರು, ಆಗ ಇಟ್ಟ ಮಕ್ಕಳು ದೊಡ್ಡವರಾಗಿ ಶಾಲೆ ಬಿಟ್ಟು ಎಷ್ಟೋ ವರ್ಷವಾಯಿತು, ಹೆಸರು ಹಾಗೇ ಇದೆ ಎಂದಳು.

"ಅದಕ್ಕೆ ಟಚ್‌ಅಪ್ ಕೂಡ ಬೇಕಾಗಲ್ಲ ಅಕ್ಕ," ಎಂದು ಹೇಳಿ ತರಗತಿಗೆ ವಾಪಸು ಹೋದಳು.